ಕೆಳತುಟಿ ಜೋಮು ಹಿಡಿದಾಗ ಎಲ್ಲಿಂದ ಹುಡುಕಬೇಕು? ಬಾಯಿ, ದವಡೆ, ನಾಲಗೆಯ ನರದೋಷ ಪತ್ತೆ

"ಡಾಕ್ಟ್ರೇ, ಚಾ ಕುಡಿವಾಗ ಲೋಟದ ಅಂಚು ಒಂದು ಬದಿ ಒಡೆದು ಹೋದ ಹಾಗೆ ಆಗ್ತದೆ. ತೆಗೆದು ನೋಡಿದ್ರೆ ಲೋಟ ಸರಿಯಾಗೇ ಉಂಟು."

ಅಂಕೋಲಾ ಕಡೆಯ ಹಳ್ಳಿಯಿಂದ ಕುಮಟಾದ ನನ್ನ ಹಲ್ಲಿನ ದವಾಖಾನೆಗೆ ಬಂದಿದ್ದ, ಐವತ್ತು ದಾಟಿದ ಅಮ್ಮ ಒಬ್ಬರು ಹೇಳಿದ ಮಾತು ಇದು. ಅವರು ತುಟಿ ತೋರಿಸಲು ಬಂದವರಲ್ಲ. ಎಡಗಡೆ ಕೆಳಗಿನ ದವಡೆ ಹಲ್ಲು ಅಲುಗಾಡುತ್ತಿತ್ತು, ಎರಡು ತಿಂಗಳ ಹಿಂದೆ ಬೇರೆ ಕಡೆ ಕೀಳಿಸಿದ್ದರು, ಗಾಯ ಮಾಯುತ್ತಿಲ್ಲ ಎಂಬುದಷ್ಟೇ ಅವರ ದೂರು. ಲೋಟದ ಮಾತು ಕುರ್ಚಿಯಿಂದ ಏಳುವಾಗ ಬಾಯಿಗೆ ಬಂತು. ಅವರನ್ನು ಮತ್ತೆ ಕೂರಿಸಿದೆ. ಕೆಳತುಟಿಯ ಅರ್ಧ ಭಾಗದ ಸ್ಪರ್ಶ ಹೋದವರು ಹೇಳುವುದು ಹೆಚ್ಚುಕಡಿಮೆ ಇದೇ ಮಾತನ್ನು. ತುಟಿಗೆ ತಾಗದ ಅಂಚು ಇಲ್ಲವೇ ಇಲ್ಲ ಎಂದು ಮಿದುಳು ಲೆಕ್ಕ ಹಾಕುತ್ತದೆ.

ಹಲ್ಲುನೋವು ಬಂದರೆ ಜನ ಮಳೆಯಲ್ಲೂ ನಡುರಾತ್ರಿಯಲ್ಲೂ ಬಾಗಿಲು ತಟ್ಟುತ್ತಾರೆ. ಜೋಮು ಹಿಡಿದರೆ ಯಾರೂ ಬರುವುದಿಲ್ಲ, ನೋಯುವುದಿಲ್ಲವಲ್ಲ ಎಂದು ಸುಮ್ಮನಿರುತ್ತಾರೆ. ಆದರೆ ನಾನು ಹೆಚ್ಚು ಹೆದರುವುದು ಜೋಮಿಗೆ. ಹೊಸದಾಗಿ ಕೆಲಸಕ್ಕೆ ಸೇರಿದ ದಂತವೈದ್ಯರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ, ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರಿಗೆ ಉಪಯೋಗ ಆಗಲಿ ಎಂದು ಹುಡುಕುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಊರು ಘಟ್ಟದ ಮೇಲೆ, ಶಿರಸಿ ತಾಲೂಕಿನ ತೋಟದ ಮನೆ. ಆಷಾಢದ ಗಾಳಿಗೆ ಮರ ಬಿದ್ದು ಲೈನ್ ಹೋದಾಗ ಲೈನ್‌ಮನ್ ಮೊದಲು ಕಂಬ ಹತ್ತುವುದಿಲ್ಲ. ಯಾವ ಮನೆಗೆ ಕರೆಂಟ್ ಇದೆ, ಯಾವ ಮನೆಗೆ ಇಲ್ಲ ಎಂದು ಕೇಳುತ್ತಾನೆ. ಕೆಳಕೇರಿಯ ಮೂರೂ ಮನೆ ಕತ್ತಲು, ಮೇಲಿನಕೇರಿಯಲ್ಲಿ ದೀಪ ಇದೆ ಎಂದರೆ ತಂತಿ ತುಂಡಾದದ್ದು ಯಾವ ತಿರುವಿನಲ್ಲಿ ಎಂದು ಅವನಿಗೆ ನಿಂತಲ್ಲೇ ಗೊತ್ತಾಗುತ್ತದೆ. ಬಾಯಿಯ ನರಗಳನ್ನು ಪತ್ತೆ ಮಾಡುವ ಕ್ರಮವೂ ಅದೇ. ಸತ್ತ ಜಾಗ ಎಷ್ಟು ಮುಖ್ಯವೋ ಬದುಕಿರುವ ಜಾಗವೂ ಅಷ್ಟೇ ಮುಖ್ಯ.

ನಮ್ಮ ಜಿಲ್ಲೆಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ದೊಡ್ಡ ತಪಾಸಣೆ ಬೇಕೆಂದರೆ ಶಿರಸಿಯವರು ಹುಬ್ಬಳ್ಳಿಗೆ, ಹೊನ್ನಾವರ ಭಟ್ಕಳದವರು ಮಣಿಪಾಲಕ್ಕೆ, ಕಾರವಾರದವರು ಗೋವಾದ ಬಾಂಬೋಳಿಗೆ ಓಡಬೇಕು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಬೀದಿಗಿಳಿದದ್ದು ನೆನಪಿದೆ. ಕೂಲಿ ಬಿಟ್ಟು, ಬಾಡಿಗೆ ಕಾರು ಮಾಡಿಕೊಂಡು ಹೋಗುವ ಆ ದಾರಿ ಈ ವಾರವೇ ಆಗಬೇಕೇ, ತಿಂಗಳು ಕಾಯಬಹುದೇ ಎಂದು ಹೇಳಲು ಹತ್ತಿ, ಕಡ್ಡಿ, ಪೆನ್ನು ಸಾಕಾಗುವ ಸಂದರ್ಭಗಳು ಬಹಳ ಇವೆ.

ತಂತಿಗಳ ದಾರಿ

ತಲೆಬುರುಡೆಯಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಐದನೆಯದು ಎಲ್ಲಕ್ಕಿಂತ ದಪ್ಪ. ಹೆಸರು ಟ್ರೈಜೆಮಿನಲ್. ಕಿವಿಯ ಮುಂದೆ, ಬುರುಡೆಯ ಒಳಗೆ ಒಂದು ಗಂಟಾಗಿ ಅಲ್ಲಿಂದ ಮೂರು ಕವಲಾಗುತ್ತದೆ. ಮೊದಲನೆಯದು ಹಣೆ ಮತ್ತು ಕಣ್ಣಿಗೆ. ಎರಡನೆಯದು ಕೆಳರೆಪ್ಪೆ, ಮೂಗಿನ ಬದಿ, ಮೇಲ್ದುಟಿ, ಮೇಲಿನ ಹಲ್ಲು, ಅಂಗುಳಕ್ಕೆ. ಮೂರನೆಯದು ಕೆಳಗಿನ ದವಡೆಗೆ. ಮೊದಲ ಎರಡು ಕವಲು ಸ್ಪರ್ಶ ಮತ್ತು ನೋವಿನ ಸುದ್ದಿ ಮಾತ್ರ ಒಯ್ಯುತ್ತವೆ. ಮೂರನೆಯದು ಜಗಿಯುವ ಸ್ನಾಯುಗಳನ್ನೂ ನಡೆಸುತ್ತದೆ.

ಈ ಮೂರನೆಯ ಕವಲಿನ ಕೊಂಬೆಗಳನ್ನು ಬಿಡಿಬಿಡಿಯಾಗಿ ತಿಳಿದುಕೊಳ್ಳಲೇಬೇಕು, ಹುಡುಕಾಟದ ಅರ್ಧ ಕೆಲಸ ಅಲ್ಲೇ ಇದೆ. ಬಕ್ಕಲ್ ಎಂಬ ಕೊಂಬೆ ಕೆನ್ನೆಯ ಒಳಮೈಗೆ ಮತ್ತು ಕೆಳಗಿನ ದವಡೆ ಹಲ್ಲುಗಳ ಹೊರಬದಿಯ ಒಸಡಿಗೆ ಹೋಗುತ್ತದೆ. ಆರಿಕ್ಯುಲೋಟೆಂಪೊರಲ್ ಎಂಬುದು ದವಡೆಯ ಕೀಲು, ಕಿವಿಯ ಮುಂಭಾಗ, ಕಣತಲೆಗೆ. ಲಿಂಗ್ವಲ್ ಎಂಬುದು ಬುದ್ಧಿಹಲ್ಲಿನ ಒಳಬದಿಗೆ ತೀರ ಹತ್ತಿರದಿಂದ, ಕೆಲವರಲ್ಲಿ ತೆಳು ಚರ್ಮದ ಕೆಳಗಷ್ಟೇ ಹಾದು, ನಾಲಗೆಯ ಮುಂದಿನ ಮೂರರಲ್ಲಿ ಎರಡು ಭಾಗ, ನಾಲಗೆಯ ಕೆಳಗಿನ ನೆಲ, ಒಳಬದಿಯ ಒಸಡಿಗೆ ತಲುಪುತ್ತದೆ. ನಾಲ್ಕನೆಯದು ಇನ್ಫೀರಿಯರ್ ಆಲ್ವಿಯೋಲಾರ್. ಇದು ದವಡೆ ಎಲುಬಿನ ಒಳಮೈಯಲ್ಲಿರುವ ತೂತಿನಿಂದ ಎಲುಬಿನೊಳಗೆ ಇಳಿದು, ಸುರಂಗದಲ್ಲಿ ಸಾಗುತ್ತ ಕೆಳಗಿನ ಎಲ್ಲ ಹಲ್ಲುಗಳಿಗೂ ಎಳೆ ಕೊಡುತ್ತದೆ. ಕೋರೆಹಲ್ಲಿನ ಹಿಂದಿರುವ ಎರಡು ಕಿರುದವಡೆ ಹಲ್ಲುಗಳ ಬುಡದಲ್ಲಿ ಒಂದು ಕಿಂಡಿ ಇದೆ. ಅಲ್ಲಿ ಹೊರಬಿದ್ದ ಭಾಗಕ್ಕೆ ಮೆಂಟಲ್ ನರ ಎಂದು ಹೆಸರು. ಕೆಳತುಟಿ, ಗದ್ದ, ಮುಂಭಾಗದ ಹೊರ ಒಸಡು ಅದರ ಪಾಲು.

ಇನ್ನೊಂದು ಸಂಗತಿಯನ್ನು ಹೊಸಬರು ಮರೆಯುತ್ತಾರೆ. ದವಡೆಯ ಮೂಲೆ, ಅಂದರೆ ಕಿವಿಯ ಕೆಳಗೆ ಎಲುಬು ತಿರುಗುವ ಜಾಗದ ಚರ್ಮ, ಐದನೇ ನರದ್ದಲ್ಲ. ಅದು ಕುತ್ತಿಗೆಯಿಂದ ಏರಿ ಬರುವ ನರದ್ದು. ಗದ್ದದಿಂದ ದವಡೆಯ ಮೂಲೆಯವರೆಗೂ ಒಂದೇ ಸಮನೆ ಜೋಮು ಎಂದರೆ ಅಲ್ಲಿ ಐದನೇ ನರ ಒಂದೇ ಕಾರಣವಾಗಿರಲಾರದು.

ನಾಲಗೆಯ ವಿಷಯದಲ್ಲಿ ನಾಲ್ಕೈದು ನರಗಳು ಪಾಲು ಹಂಚಿಕೊಂಡಿವೆ. ಮುಂದಿನ ಮೂರರಲ್ಲಿ ಎರಡು ಭಾಗದ ಸ್ಪರ್ಶ ಲಿಂಗ್ವಲ್‌ನದು. ಅದೇ ಭಾಗದ ರುಚಿ ಮಾತ್ರ ಏಳನೇ ನರದ್ದು. ಆ ನರದ ಕಾರ್ಡಾ ಟಿಂಪನಿ ಎಂಬ ಸಣ್ಣ ಎಳೆ ಕಿವಿತಮಟೆಯ ಪಕ್ಕದಿಂದ ಹಾದು ಬಂದು ದಾರಿಯಲ್ಲಿ ಲಿಂಗ್ವಲ್ ಜೊತೆ ಕೂಡಿಕೊಳ್ಳುತ್ತದೆ. ಹಿಂದಿನ ಮೂರನೇ ಒಂದು ಭಾಗದ ಸ್ಪರ್ಶ, ರುಚಿ ಎರಡೂ ಒಂಬತ್ತನೇ ನರಕ್ಕೆ. ಗಂಟಲಿಗೆ ಹೊಂದಿಕೊಂಡ ಬುಡ ಹತ್ತನೆಯದಕ್ಕೆ. ಹೊರಳಿಸುವುದು, ಚಾಚುವುದು ಹನ್ನೆರಡನೆಯದರ ಕೆಲಸ. ಅಂಗುಳದಿಂದ ಇಳಿಯುವ ಒಂದು ಸ್ನಾಯು ಮಾತ್ರ ಹತ್ತನೇ ನರದ ಅಧೀನ.

ನಕ್ಷೆ ಬರೆಯುವುದು

ನನ್ನ ಮೇಜಿನ ಮೇಲೆ ಮುಖದ ಮತ್ತು ತೆರೆದ ಬಾಯಿಯ ಗೆರೆಚಿತ್ರದ ಜೆರಾಕ್ಸ್ ಪ್ರತಿಗಳ ಕಟ್ಟು ಯಾವಾಗಲೂ ಇರುತ್ತದೆ. ಜೋಮು, ಉರಿ, ಸಿಡಿತ ಎಂದು ಬಂದವರೆಲ್ಲರಿಗೂ ಒಂದು ಹಾಳೆ.

ಮನೆಯಲ್ಲೂ ಮಾಡಬಹುದು. ದೀಪದ ಬತ್ತಿಯ ಹತ್ತಿಯನ್ನು ಎಳೆಯಾಗಿ ಹೊಸೆಯಿರಿ. ತೊಳೆದ ಹಿಡಿಕಡ್ಡಿಯ ತುಂಡೊಂದು ಇರಲಿ, ತುದಿ ಚುಚ್ಚಬೇಕು, ಗಾಯ ಆಗಬಾರದು. ಕಣ್ಣು ಮುಚ್ಚಿಸಿ. ಮೊದಲು ಸರಿ ಇರುವ ಬದಿ ಮುಟ್ಟಿ, "ಹೀಗೆ ಆಗಬೇಕು" ಎಂದು ಗೊತ್ತುಮಾಡಿ. ಆಮೇಲೆ ಜೋಮಿನ ನಡುವಿನಿಂದ ಹೊರಕ್ಕೆ ಸರಿಯುತ್ತಾ ಹೋಗಿ, ಗೊತ್ತಾದ ಕೂಡಲೇ ಹೇಳಲು ಹೇಳಿ. ಅಲ್ಲೊಂದು ಚುಕ್ಕೆ ಇಡಿ. ಹೀಗೆ ಆರೇಳು ಚುಕ್ಕೆ ಸೇರಿಸಿದರೆ ಗಡಿ ಸಿಗುತ್ತದೆ. "ಗೊತ್ತಾಯ್ತಾ? ಗೊತ್ತಾಯ್ತಾ?" ಎಂದು ಪ್ರತಿ ಸಲ ಕೇಳಬೇಡಿ. ಹಾಗೆ ಕೇಳಿದರೆ ನಮ್ಮ ಜನ ಮರ್ಯಾದೆಗಾದರೂ ಹೂಂ ಅನ್ನುತ್ತಾರೆ. ಮುಟ್ಟದೆಯೂ ಒಂದೆರಡು ಸಲ ಕೇಳಿ ನೋಡಿ.

ಗಡಿ ಮುಖದ ನಡುಗೆರೆಯಲ್ಲಿ ನಿಲ್ಲುತ್ತದೆಯೇ ಎಂಬುದನ್ನು ತಪ್ಪದೆ ನೋಡಬೇಕು. ಒಂದೇ ನರದ ದೋಷ ನಡುಗೆರೆಯ ಹತ್ತಿರ ನಿಲ್ಲುತ್ತದೆ. ಎರಡೂ ಬದಿ ಸಮನಾಗಿ ಉರಿ, ಜೋಮು ಇದ್ದರೆ ಬೇರೆ ದಾರಿ ಹಿಡಿಯಬೇಕು, ಅದನ್ನು ಮುಂದೆ ಹೇಳುತ್ತೇನೆ.

ರುಚಿ ನೋಡಲು ಜೋನಿಬೆಲ್ಲ ಮತ್ತು ಸಾಣಿಕಟ್ಟೆಯ ಉಪ್ಪಿನ ನೀರು ನನಗೆ ಒಗ್ಗಿವೆ. ನಾಲಗೆ ಹೊರಚಾಚಿಸಿ, ಒಂದು ಬದಿಗೆ ಮಾತ್ರ ಹತ್ತಿಯಿಂದ ಒಂದು ಹನಿ ಸವರಿ, ನಾಲಗೆ ಒಳಗೆಳೆಯುವ ಮೊದಲೇ ಬೆರಳಿನಿಂದ ಸಿಹಿಯೋ ಉಪ್ಪೋ ತೋರಿಸಲು ಹೇಳಬೇಕು. ಒಳಗೆಳೆದರೆ ಇನ್ನೊಂದು ಬದಿಗೆ ಹರಡಿಬಿಡುತ್ತದೆ. ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ಶಾಲೆಯಲ್ಲಿ ಕಲಿತ ನಕ್ಷೆಯನ್ನು ಮರೆತುಬಿಡಿ. 1901ರ ಒಂದು ಜರ್ಮನ್ ಪ್ರಬಂಧವನ್ನು ಆಮೇಲಿನವರು ತಪ್ಪಾಗಿ ಓದಿದ್ದರಿಂದ ಹುಟ್ಟಿದ್ದು ಅದು. ಎಲ್ಲ ರುಚಿಯೂ ರುಚಿಮೊಗ್ಗು ಇರುವ ಎಲ್ಲ ಕಡೆ ಸಿಗುತ್ತದೆ.

ಆ ಅಮ್ಮನ ನಕ್ಷೆ

ಎಡ ಕೆಳತುಟಿ ನಡುಗೆರೆಯವರೆಗೆ ಜೋಮು. ಎಡ ಗದ್ದ ಜೋಮು. ಮುಂಭಾಗದ ಹೊರ ಒಸಡು ಜೋಮು. ಇವು ಮೂರೂ ಕತ್ತಲ ಮನೆಗಳು.

ಇನ್ನು ದೀಪ ಇದ್ದ ಮನೆಗಳು. ನಾಲಗೆ ಎರಡೂ ಬದಿ ಚೆನ್ನಾಗಿತ್ತು, ಹಾಗಾಗಿ ಲಿಂಗ್ವಲ್ ಸರಿ. ಕೆನ್ನೆಯ ಒಳಮೈ ಸರಿ, ಬಕ್ಕಲ್ ಸರಿ. ಕಣತಲೆ, ಕಿವಿಯ ಮುಂದೆ ಸರಿ. ಹಲ್ಲು ಕಚ್ಚಿಸಿ ಕೆನ್ನೆ ಮುಟ್ಟಿದರೆ ಎರಡೂ ಬದಿಯ ಸ್ನಾಯು ಒಂದೇ ಗಟ್ಟಿ. ಅಂದರೆ ದೋಷ ಬುರುಡೆಯ ತಳದಲ್ಲಿಲ್ಲ, ಕೊಂಬೆಗಳು ಒಡೆಯುವ ಜಾಗದಲ್ಲೂ ಇಲ್ಲ. ಇನ್ಫೀರಿಯರ್ ಆಲ್ವಿಯೋಲಾರ್ ಒಂದೇ ಕೆಟ್ಟಿದೆ. ಎಲ್ಲಿ? ಕಿಂಡಿಯಿಂದ ಹೊರಬಂದ ಮೇಲೆ ಕೆಟ್ಟಿದ್ದರೆ ತುಟಿ ಮಾತ್ರ ಜೋಮಾಗುತ್ತದೆ, ಹಲ್ಲುಗಳಿಗೆ ತಂಪು ಗೊತ್ತಾಗುತ್ತದೆ. ಮಂಜುಗಡ್ಡೆ ಇಟ್ಟು ನೋಡಿದೆ. ಬಲಗಡೆಯ ಕೋರೆಹಲ್ಲಿಗೆ ಇಟ್ಟಾಗ ಜುಮ್ಮೆಂದು ತಲೆ ಹಿಂದಕ್ಕೆಳೆದರು. ಎಡಗಡೆಯ ಕೋರೆಹಲ್ಲಿಗೂ ಅದರ ಹಿಂದಿನ ಎರಡು ಹಲ್ಲುಗಳಿಗೂ ಏನೂ ಗೊತ್ತಾಗಲಿಲ್ಲ. ದೋಷ ಸುರಂಗದೊಳಗೇ, ಆ ಹಲ್ಲುಗಳಿಗಿಂತ ಹಿಂದೆ, ಕಿತ್ತ ಹಲ್ಲಿನ ಬುಡದ ಆಸುಪಾಸಿನಲ್ಲಿ.

ಆಗ ಕೇಳಬೇಕಾದ ಪ್ರಶ್ನೆ ಒಂದೇ. ಜೋಮು ಹಲ್ಲು ಕೀಳಿಸಿದ ಮೇಲೆ ಬಂತೋ, ಮೊದಲೇ ಇತ್ತೋ?

ಕಿತ್ತ ಮೇಲೆ ಬಂದಿದ್ದರೆ ಕಥೆ ಬೇರೆ. ಮರಗಟ್ಟಿಸುವ ಇಂಜೆಕ್ಷನ್‌ನ ಜೋಮು ತುಟಿಯಲ್ಲಿ ಮೂರರಿಂದ ಐದು ತಾಸು ಇರುತ್ತದೆ, ಮರುದಿನಕ್ಕೆ ಉಳಿಯಬಾರದು. ಕೀಳುವಾಗ ನರ ಜಜ್ಜಿದ್ದರೆ ವಾರ, ತಿಂಗಳುಗಳಲ್ಲಿ ಮರಳುತ್ತದೆ. ಒಳಗಿನ ಎಳೆ ತುಂಡಾಗಿ ಹೊರಕವಚ ಉಳಿದಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಲೆಕ್ಕದಲ್ಲಿ ಬೆಳೆದು ಬರಬೇಕು. ಪೂರ್ತಿ ಕಡಿದಿದ್ದರೆ ತಾನಾಗಿ ಸರಿಹೋಗುವುದು ಕಷ್ಟ. ಈ ಮೂರು ದರ್ಜೆಗಳನ್ನು ಸೆಡನ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು 1943ರಲ್ಲಿ ವಿಂಗಡಿಸಿದ್ದು ಇವತ್ತಿಗೂ ಬಳಕೆಯಲ್ಲಿದೆ. ದರ್ಜೆ ಗುರುತಿಸಲು ನಕ್ಷೆಯನ್ನೇ ಎರಡು ವಾರಕ್ಕೊಮ್ಮೆ ಮತ್ತೆ ಬರೆಯಬೇಕು. ಗಡಿ ಕುಗ್ಗುತ್ತಿದ್ದರೆ, ಇರುವೆ ಹರಿದಂತೆ ಆಗುತ್ತಿದ್ದರೆ ಕಾಯಬಹುದು. ಮೂರು ತಿಂಗಳಾದರೂ ಗಡಿ ಕದಲದಿದ್ದರೆ ನರ ಹೊಲಿಯುವ ಶಸ್ತ್ರವೈದ್ಯರಿಗೆ ತೋರಿಸುವುದನ್ನು ಮುಂದೂಡಬಾರದು. ಬೇರುನಾಳ ಚಿಕಿತ್ಸೆಯ ಮದ್ದು ಸುರಂಗಕ್ಕೆ ಇಳಿದು ಜೋಮು ಬಂದಿದ್ದರಂತೂ ಅಂದೇ ಕಳಿಸಬೇಕು, ಅಲ್ಲಿ ವಾರ ಕಾಯುವ ಮಾತಿಲ್ಲ.

ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿ ಹೇಳಿದರು: "ಮೊದಲೇ ಇತ್ತು. ತುಟಿ ಜೋಮಾಗಿ ಒಂದು ತಿಂಗಳಿಗೆ ಹಲ್ಲು ಅಲುಗಾಡ್ಲಿಕ್ಕೆ ಶುರುವಾದ್ದು."

ಹಾಗಾದರೆ ಹಲ್ಲು ಕಿತ್ತದ್ದು ಕಾರಣವಲ್ಲ. ಜೋಮು, ಅಲುಗಾಟ ಎರಡಕ್ಕೂ ಮೂಲ ಎಲುಬಿನೊಳಗೆ ಬೇರೆ ಏನೋ ಇದೆ. ಸಾಮಾನ್ಯ ನೀರುಗಂಟುಗಳು ನಿಧಾನ ಬೆಳೆಯುತ್ತಾ ನರವನ್ನು ಪಕ್ಕಕ್ಕೆ ತಳ್ಳುತ್ತವೆ, ಗಡ್ಡೆ ದೊಡ್ಡದಾದರೂ ಎಷ್ಟೋ ಸಲ ತುಟಿ ಜೋಮಾಗುವುದಿಲ್ಲ. ನರವನ್ನು ಕೆಡಿಸುವುದು ಎಲುಬಿನೊಳಗೆ ಹಬ್ಬಿದ ಕೀವು ಅಥವಾ ಕ್ಯಾನ್ಸರ್. ಅವರಿಗೆ ಜ್ವರ ಇರಲಿಲ್ಲ, ಊತ ಇರಲಿಲ್ಲ, ಕೀವು ಇರಲಿಲ್ಲ. ಎರಡೂ ದವಡೆ ಒಟ್ಟಿಗೆ ಕಾಣುವ ಓಪಿಜಿ ಎಕ್ಸ್‌ರೇ ತೆಗೆಸಿದೆ. ಸುರಂಗದ ಎರಡು ಬಿಳಿ ಗೆರೆಗಳು ಕಿತ್ತ ಹಲ್ಲಿನ ಕೆಳಗೆ ಬಂದು ಅಳಿಸಿಹೋಗಿದ್ದವು. ಎಲುಬು ಗೆದ್ದಲು ತಿಂದ ಹಲಗೆಯಂತೆ ಕಾಣುತ್ತಿತ್ತು.

ದವಡೆಯಲ್ಲಿ ಇಂಥದ್ದು ಕಂಡಾಗ ದವಡೆಯನ್ನು ಮಾತ್ರ ನೋಡಿ ಸಾಲದು. ಬೇರೆಡೆಯ ಕ್ಯಾನ್ಸರ್ ರಕ್ತದ ಮೂಲಕ ಬಂದು ಕೂರುವುದುಂಟು. ದವಡೆ ಎಲುಬಿನಲ್ಲಿ ಹಾಗಾಗುವುದು ಹೆಚ್ಚಾಗಿ ಕೆಳದವಡೆಯ ಹಿಂಭಾಗದಲ್ಲಿ. ಹೆಂಗಸರಲ್ಲಿ ಮೊದಲು ಕೇಳಬೇಕಾದದ್ದು ಸ್ತನದ ಬಗ್ಗೆ. ನಾನು ಕೇಳಿದಾಗ ಅವರು ತಲೆತಗ್ಗಿಸಿದರು. ಆಮೇಲೆ ನಮ್ಮ ಸಹಾಯಕಿಯ ಹತ್ತಿರ, ಪರದೆಯ ಹಿಂದೆ, ವರ್ಷದಿಂದ ಗಂಟೊಂದು ಇದೆ, ನೋವಿಲ್ಲ, ಮಗಳ ಮದುವೆ ಮುಗಿಯಲಿ ಎಂದು ಸುಮ್ಮನಿದ್ದೆ ಎಂದರು. ಮರುದಿನವೇ ಹುಬ್ಬಳ್ಳಿಗೆ ಕಳಿಸಿದೆ. ಸ್ತನದ ಕ್ಯಾನ್ಸರೇ ದವಡೆಗೆ ಹಬ್ಬಿದೆ ಎಂದು ದವಡೆಯ ತುಣುಕಿನ ಪರೀಕ್ಷೆಯೂ ಹೇಳಿತು.

ಎಲ್ಲ ಜೋಮೂ ಕ್ಯಾನ್ಸರ್ ಅಲ್ಲ. ಆದರೆ ಪೆಟ್ಟಿಲ್ಲದೆ, ಹಲ್ಲಿನ ಕೆಲಸ ಆಗದೆ ಕೆಳತುಟಿ ಅಥವಾ ಗದ್ದ ಜೋಮಾಗಿದೆ ಎಂದು ಯಾರೇ ಹೇಳಿದರೂ ಎಕ್ಸ್‌ರೇ ಇಲ್ಲದೆ ಮನೆಗೆ ಕಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಮೇಲ್ದುಟಿಯ ಜೋಮು

ಇದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ, ಕಾರಣ ಹೆಚ್ಚಾಗಿ ಎದುರಿಗೇ ಇರುತ್ತದೆ. ಹೆದ್ದಾರಿಯಲ್ಲಿ ಬೈಕ್ ಜಾರಿ ಕೆನ್ನೆ ನೆಲಕ್ಕೆ ಬಡಿದವರಲ್ಲಿ ಕೆನ್ನೆಯೆಲುಬು ಮುರಿದು ಕಣ್ಣಿನ ಕೆಳಗಿನ ನರ ಸಿಕ್ಕಿಕೊಳ್ಳುತ್ತದೆ. ಕೆಳರೆಪ್ಪೆ, ಮೂಗಿನ ಬದಿ, ಮೇಲ್ದುಟಿ ಒಟ್ಟಿಗೆ ಜೋಮು. ಒಂದು ವಸ್ತು ಎರಡಾಗಿ ಕಾಣುತ್ತದೆಯೇ ಕೇಳಿ. ಪೆಟ್ಟು ಬಿದ್ದಿಲ್ಲ, ಒಂದೇ ಹೊಳ್ಳೆಯಲ್ಲಿ ರಕ್ತ ಬರುತ್ತದೆ, ಮೇಲಿನ ಹಲ್ಲು ಸಡಿಲವಾಗಿವೆ ಎಂದರೆ ಕೆನ್ನೆಯ ಗಾಳಿಗೂಡಿನಲ್ಲಿ (ಸೈನಸ್) ಗಡ್ಡೆ ಇರಬಹುದು, ಕಿವಿ ಮೂಗು ಗಂಟಲಿನ ವೈದ್ಯರಲ್ಲಿಗೆ ಕೂಡಲೇ ಕಳಿಸಬೇಕು.

ವಾಲಿದಾಗ ಯಾವ ಬದಿ ದೋಷ?

ನಾಲಗೆ ಚಾಚಿಸಿ. ವಾಲಿದ ಬದಿಯೇ ಸೋತ ಬದಿ. ನಾಲಗೆಯನ್ನು ಮುಂದಕ್ಕೆ ತಳ್ಳುವ ಸ್ನಾಯು ಎರಡೂ ಕಡೆಯಿಂದ ತಳ್ಳಬೇಕು. ಒಂದು ಕಡೆ ಸೋತರೆ ಇನ್ನೊಂದರ ತಳ್ಳಾಟಕ್ಕೆ ಅದು ಸೋತ ಕಡೆಗೇ ಹೋಗುತ್ತದೆ, ಒಬ್ಬನೇ ಹುಟ್ಟು ಹಾಕಿದ ದೋಣಿಯಂತೆ. ಬಾಯಿ ಅಗಲ ತೆರೆಸಿದಾಗ ದವಡೆಯೂ ಅದೇ ಕಾರಣಕ್ಕೆ ಸೋತ ಬದಿಗೆ ಸರಿಯುತ್ತದೆ. "ಆ" ಅನ್ನಿಸಿದಾಗ ಕಿರುನಾಲಗೆ ಮಾತ್ರ ಉಲ್ಟಾ, ಗಟ್ಟಿ ಇರುವ ಬದಿಗೆ ಎಳೆಯಲ್ಪಡುತ್ತದೆ, ಏಕೆಂದರೆ ಅಲ್ಲಿಯ ಸ್ನಾಯು ತಳ್ಳುವುದಿಲ್ಲ, ಎತ್ತುತ್ತದೆ. ವಾಲಿದ ನಾಲಗೆ ಒಂದು ಬದಿ ಸುಕ್ಕುಗಟ್ಟಿ ಬಡವಾಗಿ, ಒಳಗೆ ಹುಳ ಹರಿದಂತೆ ಮಿಡುಕುತ್ತಿದ್ದರೆ ದೋಷ ಮಿದುಳಿನ ಮೇಲ್ಭಾಗದಲ್ಲಿಲ್ಲ, ಹನ್ನೆರಡನೇ ನರದ ಮೂಲದಲ್ಲೋ ಅದರ ದಾರಿಯಲ್ಲೋ ಇದೆ.

ಒಂದು ಎಚ್ಚರ. ಮುಖವೇ ಒಂದು ಬದಿ ಸೊಟ್ಟಗಿದ್ದವರ ನಾಲಗೆ ಸರಿ ಇದ್ದರೂ ವಾಲಿದಂತೆ ಕಾಣುತ್ತದೆ. ತುಟಿಯ ಮೂಲೆಯನ್ನು ಬೆರಳಿನಿಂದ ಎತ್ತಿ ಹಿಡಿದು ಮತ್ತೆ ನೋಡಿ.

ಮುಖ ಸೊಟ್ಟಗಾದಾಗ ಮೊದಲು ಹುಬ್ಬು ಎತ್ತಿಸಿ. ಹಣೆಯಲ್ಲಿ ಎರಡೂ ಬದಿ ಗೆರೆ ಮೂಡಿ, ಬಾಯಿ ಮಾತ್ರ ಸೊಟ್ಟ ಎಂದರೆ ಪಾರ್ಶ್ವವಾಯು ಎಂದೇ ತಿಳಿದು 108ಕ್ಕೆ ಕರೆ ಮಾಡಿ. ರಕ್ತದ ಹೆಪ್ಪು ಕರಗಿಸುವ ಮದ್ದಿಗೆ ಸಿಗುವ ಕಾಲ ನಾಲ್ಕೂವರೆ ತಾಸು, ನಮ್ಮ ರಸ್ತೆಗಳ ಲೆಕ್ಕದಲ್ಲಿ ಅದು ಏನೇನೂ ಅಲ್ಲ. ಹಣೆಯೂ ಸೇರಿ ಅರ್ಧ ಮುಖ ಪೂರ್ತಿ ಸೋತು, ಕಣ್ಣು ಮುಚ್ಚಲಾಗದಿದ್ದರೆ ಏಳನೇ ನರ ಸೋತಿರುವುದೇ ಹೆಚ್ಚು. ಆಗ ಅದೇ ಬದಿಯ ನಾಲಗೆಯ ಮುಂಭಾಗಕ್ಕೆ ಜೋನಿಬೆಲ್ಲ ಸವರಿ ನೋಡಿ. ರುಚಿಯೂ ಹೋಗಿದ್ದರೆ ದೋಷ ಕಾರ್ಡಾ ಟಿಂಪನಿ ಕವಲೊಡೆಯುವುದಕ್ಕಿಂತ ಮೇಲಿದೆ. ಹಣೆಯೂ ಸೋತಿದೆ ಎಂದು ಮನೆಯಲ್ಲೇ ತೀರ್ಮಾನ ಮಾಡಿ ಕೂರಬೇಡಿ, ಕೈಕಾಲು, ಮಾತು ನೋಡಿ, ಅನುಮಾನ ಬಂದರೆ ಗಾಡಿ ಹತ್ತಿಸಿ.

ನೋವು ಒಂದು ಕಡೆ, ಮೂಲ ಇನ್ನೊಂದು ಕಡೆ

ಮೇಲಿನ ಹಲ್ಲೋ ಕೆಳಗಿನದೋ ಎಂದು ರೋಗಿಗೇ ಗೊತ್ತಾಗದ ನೋವು ಬಹಳ ಸಾಮಾನ್ಯ. ಎರಡರ ಸುದ್ದಿಯೂ ಮಿದುಳುಕಾಂಡದ ಒಂದೇ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ವಿಳಾಸ ಕಲಸಿಹೋಗುತ್ತದೆ. ಅನುಮಾನ ಇದ್ದಾಗ ನಾನು ಇಕ್ಕಳ ಕೈಗೆತ್ತಿಕೊಳ್ಳುವುದಿಲ್ಲ, ಸೂಜಿ ಎತ್ತಿಕೊಳ್ಳುತ್ತೇನೆ. ನೋವು ಕೆಳಗೆ ಎನ್ನುತ್ತಾರೆ ಎಂದು ಇಟ್ಟುಕೊಳ್ಳಿ. ಕೆಳಗೆ ಪೂರ್ತಿ ಮರಗಟ್ಟಿಸಿದ ಮೇಲೂ ನೋವು ಹಾಗೇ ಇದ್ದರೆ ಮೂಲ ಕೆಳಗಿಲ್ಲ.

ಮೇಲಿನ ದವಡೆ ಹಲ್ಲುಗಳು ಒಂದು ಸಾಲಾಗಿ ನೋಯುತ್ತವೆ, ನೆಗಡಿ ಇತ್ತು, ನಾಟಿಗೆ ಬಗ್ಗಿದರೆ ಹೆಚ್ಚಾಗುತ್ತದೆ ಎಂದರೆ ಅದು ಗಾಳಿಗೂಡಿನ ಸೋಂಕು. ಹಲ್ಲಿನ ಬೇರುಗಳು ಅದರ ನೆಲಕ್ಕೇ ತಾಗಿಕೊಂಡಿರುತ್ತವೆ.

ಮುಖ ತೊಳೆಯುವಾಗ, ಹಲ್ಲುಜ್ಜುವಾಗ, ಗಾಳಿ ತಾಗಿದಾಗ ಕರೆಂಟ್ ಹೊಡೆದಂತೆ ಕ್ಷಣಮಾತ್ರ, ಹೆಚ್ಚೆಂದರೆ ಎರಡು ನಿಮಿಷ ಸಿಡಿದು ನಿಂತು, ನಡುವೆ ಏನೂ ಇಲ್ಲದಿದ್ದರೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಹೆಚ್ಚಾಗಿ ಐವತ್ತು ದಾಟಿದವರಿಗೆ ಬರುತ್ತದೆ. ಮಿದುಳಿನ ಬುಡದಲ್ಲಿ ರಕ್ತನಾಳವೊಂದು ನರಕ್ಕೆ ಒತ್ತಿ ಅದರ ಹೊರಕವಚ ಸವೆಸುವುದು ಸಾಮಾನ್ಯ ಕಾರಣ. ಇಂಥವರು ಒಂದಾದ ಮೇಲೊಂದು ಗಟ್ಟಿ ಹಲ್ಲು ಕೀಳಿಸಿಕೊಂಡು ಬರುವುದನ್ನು ನೋಡುವಾಗ ನನಗೆ ತುಂಬ ಸಂಕಟವಾಗುತ್ತದೆ. ಕಾರ್ಬಮಾಜೆಪಿನ್ ಎಂಬ ಮಾತ್ರೆ ಇದಕ್ಕೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಅದು ರಕ್ತಕಣ, ಸೋಡಿಯಂ, ಚರ್ಮಕ್ಕೆ ತೊಂದರೆ ಕೊಡಬಹುದು, ವೈದ್ಯರ ಕಣ್ಣಳತೆಯಲ್ಲೇ ತೆಗೆದುಕೊಳ್ಳಬೇಕು. ಸಿಡಿತದ ಜೊತೆ ಜೋಮೂ ಇದ್ದರೆ, ನಲವತ್ತರೊಳಗಿನವರಾದರೆ, ಎರಡೂ ಬದಿ ಬಂದರೆ ಎಂಆರ್‌ಐ ಆಗಲೇಬೇಕು.

ಇನ್ನೊಂದು, ಸರ್ಪಸುತ್ತು. ಗುಳ್ಳೆ ಏಳುವ ಎರಡು ಮೂರು ದಿನ ಮೊದಲೇ ಒಂದು ಬದಿಯ ಹಲ್ಲುಗಳು ಉರಿದು ನೋಯಬಹುದು, ಹಲ್ಲಿನಲ್ಲಿ ಹುಳುಕು ಕಾಣುವುದಿಲ್ಲ. ಅಂಗುಳದಲ್ಲಿ ನಡುಗೆರೆಗೆ ಬಂದು ಕತ್ತರಿಸಿದಂತೆ ನಿಂತ ಗುಳ್ಳೆಗಳು ಕಂಡರೆ ಬೇರೆ ಅನುಮಾನ ಬೇಡ. ವೈರಸ್ ಮದ್ದು 72 ತಾಸಿನೊಳಗೆ ಶುರುವಾದರೆ ಫಲ ಹೆಚ್ಚು. ನಮ್ಮಲ್ಲಿ ಮೊದಲು ಲೇಪ ಹಚ್ಚಿಸಿಕೊಂಡು, ಮಂತ್ರ ಹಾಕಿಸಿಕೊಂಡು ಬರುವ ರೂಢಿ. ಅಷ್ಟರಲ್ಲಿ ಆ ಮೂರು ದಿನ ಕಳೆದಿರುತ್ತವೆ.

ಕಿವಿನೋವು, ಆದರೆ ಕಿವಿ ಸ್ವಚ್ಛ. ದವಡೆಯ ಕೀಲು, ಕೆಳಗಿನ ಬುದ್ಧಿಹಲ್ಲು ನೋಡಿ. ಎರಡು ವಾರ ದಾಟಿದರೆ ನಾಲಗೆಯನ್ನು ಬಟ್ಟೆಯಿಂದ ಹಿಡಿದು ಹೊರಗೆಳೆದು ಅಂಚು, ಬುಡ, ಗಂಟಲಿನ ಬದಿ ನೋಡಿ, ಬೆರಳಿನಿಂದ ಒತ್ತಿ. ಗಟ್ಟಿ ಹುಣ್ಣು ಕೈಗೆ ಸಿಗುತ್ತದೆಯೇ ಎಂಬುದೇ ಪ್ರಶ್ನೆ. ಐದನೇ, ಒಂಬತ್ತನೇ, ಹತ್ತನೇ ನರಗಳ ಎಳೆಗಳು ಕಿವಿಗೂ ಹೋಗುವುದರಿಂದ ನಾಲಗೆಯ ಹುಣ್ಣಿನ ನೋವು ಕಿವಿಯಲ್ಲಿ ಕೇಳಿಸುತ್ತದೆ.

ತೋಟದಿಂದ ಹೊರೆ ಹೊತ್ತು ಮನೆಗೆ ಏರುವಾಗ ಮಾತ್ರ ಕೆಳದವಡೆ ನೋಯುತ್ತದೆ, ಜಗುಲಿಯಲ್ಲಿ ಕೂತರೆ ಹೋಗುತ್ತದೆ ಎಂದರೆ ಅದು ಹೃದಯದ ನೋವು. ಬಾಯಿ ನೋಡುತ್ತಾ ಕಾಲ ಕಳೆಯಬೇಡಿ, ಇಸಿಜಿ ಮಾಡಿಸಿ.

ಬಾಯಿ ತೆರೆಯುತ್ತಿಲ್ಲ

ಸ್ವಂತ ಮೂರು ಬೆರಳು ನೆಟ್ಟಗೆ ಹಲ್ಲುಗಳ ನಡುವೆ ಹಿಡಿಯಬೇಕು. ದೊಡ್ಡವರಲ್ಲಿ ಸಾಮಾನ್ಯವಾಗಿ 40 ಮಿಲಿಮೀಟರ್ ಆಸುಪಾಸು. ಹಠಾತ್ತಾಗಿ ಕಡಿಮೆಯಾಗಿ ನೋವಿದ್ದರೆ ಬುದ್ಧಿಹಲ್ಲಿನ ಸುತ್ತಲಿನ ಸೋಂಕು ಅಥವಾ ಇತ್ತೀಚಿನ ಇಂಜೆಕ್ಷನ್ ಸ್ನಾಯುವಿಗೆ ತಾಗಿದ್ದು. ಗಾಯವಾದ ಕೆಲವು ದಿನಕ್ಕೆ ಎರಡೂ ದವಡೆ ಬಿಗಿದು ನುಂಗಲೂ ಆಗದಿದ್ದರೆ ಧನುರ್ವಾಯು, ಅದು ದೊಡ್ಡಾಸ್ಪತ್ರೆಯ ಕೆಲಸ.

ವರ್ಷಗಳಲ್ಲಿ ನಿಧಾನವಾಗಿ ಕಡಿಮೆಯಾದದ್ದು, ನೋವಿಲ್ಲ, ಖಾರ ತಿಂದರೆ ಬಾಯಿ ಉರಿಯುತ್ತದೆ ಎಂದರೆ ನರ ಹುಡುಕುವುದೇ ಬೇಡ. ಕೆನ್ನೆಯ ಒಳಗೆ ಬೆರಳಾಡಿಸಿ. ಮೃದುವಾಗಿರಬೇಕಾದ ಜಾಗದಲ್ಲಿ ಹಗ್ಗದಂತೆ ಗಟ್ಟಿ ಪಟ್ಟಿ, ಬಿಳಚಿದ ಬಣ್ಣ. ಇದು ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯ ಅರೆಕೋಲಿನ್ ನಾರು ಹೆಣೆಯುವ ಕಣಗಳನ್ನು ಕೆರಳಿಸುತ್ತದೆ, ಅದರಲ್ಲಿರುವ ತಾಮ್ರ ಆ ನಾರುಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಬಿಗಿದದ್ದು ಪೂರ್ತಿ ಸಡಿಲಾಗುವುದಿಲ್ಲ, ಕೆಲವರಲ್ಲಿ ಕ್ಯಾನ್ಸರ್ ಆಗಿ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು, ತಂಬಾಕು ಸೇರದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಅಡಿಕೆ ಮಾರಿದ ದುಡ್ಡಿನಲ್ಲಿ ಓದಿದವರಲ್ಲಿ ನಾನೂ ಒಬ್ಬ. ಊಟವಾದ ಮೇಲೆ ಕವಳದ ಬಟ್ಟಲು ಮುಂದಿಡುವುದು ನಮ್ಮಲ್ಲಿ ಮರ್ಯಾದೆ, ಅದನ್ನು ಬೇಡವೆನ್ನುವುದು ಎಷ್ಟು ಕಷ್ಟ ಎಂದು ಬಲ್ಲೆ. ಆದರೂ ಇಪ್ಪತ್ತೆರಡು ವರ್ಷದ ಹುಡುಗನ ಬಾಯಿಗೆ ಎರಡು ಬೆರಳೂ ಹಿಡಿಯದಿದ್ದಾಗ ಅವನ ತಂದೆಗೆ ಇದನ್ನು ಹೇಳದೆ ಇರಲಾರೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಹುಡುಗರು ಈಗ ಅಡಿಕೆ ಪುಡಿಯ ಪೊಟ್ಟಣ, ತಂಬಾಕಿನ ಪೊಟ್ಟಣ ಬೇರೆಬೇರೆ ಕೊಂಡು ಅಂಗೈಯಲ್ಲೇ ಬೆರೆಸುತ್ತಾರೆ.

ಎರಡೂ ಬದಿ ಉರಿ, ಊಟದ ಹೊತ್ತಿಗೆ ಊತ

ನಾಲಗೆ ಪೂರ್ತಿ, ಎರಡೂ ಬದಿ ಸಮನಾಗಿ ಉರಿಯುತ್ತಿದ್ದರೆ ಒಂದು ತಂತಿ ಕೆಟ್ಟದ್ದಲ್ಲ. ರಕ್ತಹೀನತೆ, ಬಿ12 ಕೊರತೆ, ಸಕ್ಕರೆ ಕಾಯಿಲೆ, ಕಟ್ಟಿಸಿದ ಹಲ್ಲುಸೆಟ್ಟಿನ ಕೆಳಗಿನ ಬೂಷ್ಟು, ಬಾಯಿ ಒಣಗಿಸುವ ಮಾತ್ರೆಗಳನ್ನು ಒಂದೊಂದಾಗಿ ನೋಡುತ್ತಾ ಬರಬೇಕು.

ಅಪ್ಪೆಮಿಡಿ ಉಪ್ಪಿನಕಾಯಿ ನಾಲಗೆಗೆ ತಾಗಿದ ಕೂಡಲೇ ದವಡೆಯ ಕೆಳಗೆ ಊದಿ ನೋಯುತ್ತದೆ, ತಾಸೆರಡು ತಾಸಿಗೆ ಇಳಿಯುತ್ತದೆ ಎಂದರೆ ಹಲ್ಲು, ನರ ಎರಡನ್ನೂ ಬಿಟ್ಟು ಜೊಲ್ಲುನಾಳದಲ್ಲಿ ಕಲ್ಲು ಹುಡುಕಿ. ನಾಲಗೆಯ ಕೆಳಗೆ ಬೆರಳಿಟ್ಟು ಹಿಂದಿನಿಂದ ಮುಂದಕ್ಕೆ ಒತ್ತುತ್ತಾ ಬಂದರೆ ಎಷ್ಟೋ ಸಲ ಕೈಗೇ ಸಿಗುತ್ತದೆ.

ಚೀಟಿಯಲ್ಲಿ ಏನಿರಬೇಕು

ದೊಡ್ಡಾಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ "ಹಲ್ಲುನೋವು, ದಯವಿಟ್ಟು ನೋಡಿ" ಎಂದು ಬರೆದರೆ ರೋಗಿ ಹಲ್ಲಿನ ವಿಭಾಗದ ಸಾಲಿನಲ್ಲಿ ಅರ್ಧ ದಿನ ನಿಲ್ಲುತ್ತಾರೆ. ಜೋಮು ಶುರುವಾದ ತಾರೀಖು, ಹಲ್ಲಿನ ಕೆಲಸಕ್ಕೆ ಮೊದಲೋ ಆಮೇಲೋ, ಸರಿ ಇರುವ ಜಾಗಗಳು ಯಾವುವು ಎಂದು ಬರೆಯಿರಿ. ಗಡಿ ಎಳೆದ ಹಾಳೆಯನ್ನು ಪಿನ್ ಮಾಡಿ, ಒಂದು ಪ್ರತಿ ನಿಮ್ಮಲ್ಲಿಟ್ಟುಕೊಳ್ಳಿ.

ಅಂಕೋಲಾ ಕಡೆಯ ಆ ಅಮ್ಮ ಐದು ತಿಂಗಳ ನಂತರ ಮತ್ತೆ ಬಂದರು. ಎಲುಬು ಗಟ್ಟಿ ಮಾಡುವ ಡ್ರಿಪ್ ಶುರು ಮಾಡುವ ಮೊದಲು ಹಲ್ಲುಗಳನ್ನೆಲ್ಲ ತೋರಿಸಿಕೊಂಡು ಬನ್ನಿ ಎಂದು ಅಲ್ಲಿಯ ವೈದ್ಯರು ಕಳಿಸಿದ್ದರು. ಅದು ಸರಿಯಾದ ಕ್ರಮ. ಆ ಮದ್ದು ತೆಗೆದುಕೊಂಡವರಲ್ಲಿ ಹಲ್ಲು ಕಿತ್ತ ಜಾಗದ ಎಲುಬು ಮಾಯದೆ ಸಾಯುವುದುಂಟು, 2003ರಿಂದೀಚೆಗೆ ಇದು ಚೆನ್ನಾಗಿ ಗೊತ್ತಾಗಿದೆ. ಕೀಳಬೇಕಾದದ್ದಿದ್ದರೆ ಮೊದಲೇ ಕಿತ್ತು, ಗಾಯ ಮಾಯಿಸಿಕೊಂಡು ಹೋಗಬೇಕು. ಬಲಗಡೆ ಒಂದು ಬೇರು ಉಳಿದಿತ್ತು, ತೆಗೆದೆ. ಆಮೇಲೆ ಹತ್ತಿಯ ಎಳೆ ಹಿಡಿದು ತುಟಿಯ ಮೇಲೆ ಮತ್ತೆ ಚುಕ್ಕೆ ಇಟ್ಟೆ. ಗಡಿ ಮೊದಲಿದ್ದಲ್ಲೇ ಇತ್ತು. "ಲೋಟ ಈಗ್ಲೂ ಅರ್ಧವೇ," ಎಂದರು, "ಬಲಬದಿಯಿಂದ ಕುಡಿದು ರೂಢಿ ಆಗಿದೆ." ತಾರೀಖು ಬರೆದು ಹೊಸ ಹಾಳೆಯನ್ನು ಹಳೆಯದರ ಜೊತೆಗೆ ಫೈಲಿಗೆ ಹಾಕಿದೆ.